ನಾನು ನಿಂಬೆಹಣ್ಣು ಬಿಟ್ಟದ್ದು

ನೆಂಟರಿಷ್ಟರಲ್ಲಿ ನನಗೆ ಒಂದು ಹೆಸರಿದೆ. ಬಸದಿಯ ಮೆಟ್ಟಿಲು ಹತ್ತದವನು, ಪುರೋಹಿತರನ್ನು ಕಂಡರೆ ವಾದಕ್ಕೆ ನಿಲ್ಲುವವನು, ಮದ್ರಾಸಿಗೆ ಹೋಗಿ ಓದಿ ಕೆಟ್ಟವನು ಎಂದು. ಬಹುಮಟ್ಟಿಗೆ ನಿಜವೇ. ಆದರೆ ಇದೇ ನೆಂಟರು ಮದುವೆಮನೆಯ ಪಂಕ್ತಿಯಲ್ಲಿ ಚಿತ್ರಾನ್ನ ನನ್ನ ಎಲೆಯ ಹತ್ತಿರ ಬಂದಾಗ ಬಡಿಸುವವನ ಕೈ ತಡೆದು, ‘ಅವನಿಗೆ ಬೇಡಪ್ಪ, ಅವನು ನಿಂಬೆಹಣ್ಣು ಬಿಟ್ಟಿದಾನೆ’ ಎಂದು ಸ್ವಲ್ಪ ಗೌರವದಿಂದಲೇ ಹೇಳುತ್ತಾರೆ. ಗೆಡ್ಡೆ ಬಿಟ್ಟವರು, ಜೇನು ಬಿಟ್ಟವರು, ಹೊತ್ತು ಮುಳುಗಿದ ಮೇಲೆ ಊಟ ಬಿಟ್ಟವರು ನಮ್ಮ ಜೈನರಲ್ಲಿ ಬೇಕಾದಷ್ಟು ಮಂದಿ. ನಿಂಬೆಹಣ್ಣು ಬಿಟ್ಟವನು ಇಡೀ ವಯನಾಡಿನಲ್ಲಿ ನಾನೊಬ್ಬನೇ ಇರಬೇಕು. ಪನಮರದ ನನ್ನ ಸೋದರಮಾವ, ಓದಿದ ಹುಡುಗ, ಸೂಕ್ಷ್ಮಜೀವಿಗಳ ವಿಷಯ ಏನೋ ತಿಳಿದಿರಬೇಕು ಎಂದುಕೊಂಡು ತಾವೂ ಒಂದು ಮಳೆಗಾಲ ನಿಂಬೆಹಣ್ಣು ಮುಟ್ಟದೆ ಇದ್ದರು. ಮಳೆ ನಿಂತ ಮೇಲೆ, ‘ಉಪ್ಪಿನಕಾಯಿ ಇಲ್ಲದೆ ನಾಲಗೆ ಸತ್ತುಹೋಯ್ತು, ಪುಣ್ಯ ಎಷ್ಟು ಬಂತೋ ಕಾಣೆ’ ಎಂದು ನನ್ನನ್ನೇ ಬೈದರು.

ನಾನು ಯಾರಿಗೂ ಕಾರಣ ಹೇಳಿಲ್ಲ. ನಿಮಗೆ ಹೇಳುತ್ತೇನೆ. ಆದರೆ ಒಂದು ಮಾತು. ಶಾಸ್ತ್ರವನ್ನೂ ಸಾಯಿಪ್ಪನನ್ನೂ ಅನುಮಾನಿಸುವ ನಾನು ಈಚೆಗೆ ನನ್ನ ನೆನಪನ್ನೂ ಅನುಮಾನಿಸುತ್ತಿದ್ದೇನೆ. ಕಂಡದ್ದು ಯಾವುದು, ಕೇಳಿದ್ದು ಯಾವುದು, ಆಮೇಲೆ ನಾನೇ ಸೇರಿಸಿಕೊಂಡದ್ದು ಯಾವುದು ಎಂದು ಬೇರ್ಪಡಿಸಲು ಕೂತರೆ ಗಂಜಿಯಲ್ಲಿ ಅಗುಳು ಹುಡುಕಿದ ಹಾಗೆ ಆಗುತ್ತದೆ.

ಗಂಜಿಯ ವಿಷಯ ಮುಂದೆ ಬರುತ್ತದೆ. ಮೊದಲು ಸುಣ್ಣ.

ನನ್ನ ದೊಡ್ಡಪ್ಪ ಧರಣಯ್ಯ ಗದ್ದೆ ಬೇಸಾಯದವನು. ಆದರೆ ವರ್ಷಕ್ಕೊಮ್ಮೆ, ದೀಪಾವಳಿಗೆ ಮುಂಚೆ, ಬಸದಿಗೆ ಸುಣ್ಣ ಬಳಿಯುವ ಕೆಲಸ ನಮ್ಮ ಮನೆಯದೇ. ಬೇರೆಯವರ ಕೈಗೆ ಕೊಡುವಂತಿರಲಿಲ್ಲ. ಘಟ್ಟದ ಕೆಳಗಿನ ಕರಾವಳಿಯಿಂದ ಬರುವ ಸುಣ್ಣ ಚಿಪ್ಪು ಸುಟ್ಟದ್ದು. ಚಿಪ್ಪು ಎಂದರೆ ಯಾವುದೋ ಜೀವ ಇದ್ದ ಮನೆ. ಅದನ್ನು ಸುಟ್ಟು ಬಸದಿಗೆ ಬಳಿಯುವುದುಂಟೇ? ಆದ್ದರಿಂದ ಕಲ್ಲುಸುಣ್ಣವೇ ಬೇಕು. ಅದು ಮೈಸೂರು ಸೀಮೆಯಿಂದ ಕಾಡಿನ ದಾರಿಯಲ್ಲಿ, ಗಡಿಯ ಪೊನ್ಕುಳಿ ದಾಟಿ, ಎತ್ತಿನ ಗಾಡಿಯಲ್ಲಿ ಬರಬೇಕು. ಬಂದದ್ದನ್ನು ಗುಂಡಿಗೆ ಹಾಕಿ, ಬಟ್ಟೆಯಲ್ಲಿ ಶೋಧಿಸಿದ ನೀರು ಬಿಟ್ಟು, ಎರಡು ಮಳೆಗಾಲ ಹಾಗೇ ಕೊಳೆಹಾಕಬೇಕು. ಬಳಿಯುವ ದಿನ ನವಿಲುಗರಿಯ ಕಟ್ಟಿನಿಂದ ಗೋಡೆ ಸವರಿ ಇರುವೆ, ಜೇಡ, ಹಲ್ಲಿಮರಿಗಳನ್ನು ದಾಟಿಸಬೇಕು. ದೊಡ್ಡಪ್ಪನ ಸುಣ್ಣ ನಿಧಾನ. ಆದರೆ ಬಿರುಕು ಬಿಡುತ್ತಿರಲಿಲ್ಲ.

ಈ ಬಿರುಕು ಬಿಡದ ಸುಣ್ಣದ ಸುದ್ದಿ ಹೇಗೋ ಮದಾಮ್ಮನ ಕಿವಿಗೆ ಬಿತ್ತು. ನಮ್ಮ ಕಡೆ ಬಿಳಿಯ ಗಂಡಸನ್ನು ಸಾಯಿಪ್ಪ, ಹೆಂಗಸನ್ನು ಮದಾಮ್ಮ ಎನ್ನುತ್ತೇವೆ. ನಮ್ಮ ಗದ್ದೆಬಯಲಿನಿಂದ ನೋಡಿದರೆ ವೆಳ್ಳಮುಂಡದ ಕಡೆಯ ಗುಡ್ಡದ ಮೇಲೆ ಸಾಯಿಪ್ಪನ ಕಾಫಿತೋಟ, ತೋಟದ ನೆತ್ತಿಯಲ್ಲಿ ಬಂಗಲೆ. ಮದಾಮ್ಮ ಮದುವೆಗೆ ಮೊದಲು ಇಟಲಿ ದೇಶದಲ್ಲಿ ಒಂದು ಹಳೆಯ ಅರಮನೆ ನೋಡಿ ಬಂದಿದ್ದಳಂತೆ. ನಾನೂರು ವರ್ಷದ ಹಿಂದೆ ಯಾವನೋ ಪ್ರಭು ಕಟ್ಟಿಸಿದ್ದು. ಅದರ ಗೋಡೆ, ಚಾವಣಿ ಎಲ್ಲ ಹಸಿ ಗಾರೆಯ ಮೇಲೆ ಬರೆದ ಚಿತ್ರ. ವಯನಾಡಿನ ಮಳೆ ಅವಳನ್ನು ವರ್ಷಕ್ಕೆ ಅರ್ಧ ಬಂಗಲೆಯೊಳಗೆ ಕೂಡಿಹಾಕುತ್ತಿತ್ತು. ಹಾಗೆ ಕೂತು ಕೂತು, ಊಟದ ಕೋಣೆಯ ದೊಡ್ಡ ಗೋಡೆಗೆ ಅದೇ ಚಿತ್ರ ಬರೆಯಬೇಕೆಂಬ ಹುಚ್ಚು ಹತ್ತಿತು. ಚಿಪ್ಪಿನ ಸುಣ್ಣದಲ್ಲಿ ಎರಡು ಸಲ ಬರೆದಳು, ಎರಡು ಸಲವೂ ಒಡೆಯಿತು. ದೊಡ್ಡಪ್ಪನಿಗೆ ಕರೆ ಬಂತು.

ಕೆಲಸದ ಕ್ರಮ ಹೀಗೆ. ಬೆಳಿಗ್ಗೆ ದೊಡ್ಡಪ್ಪ ಅಳಲೆಕಾಯಿ ನೀರು, ಬೆಲ್ಲ ಹಾಕಿ ಮಿದಿದ ಗಾರೆಯನ್ನು ಗೋಡೆಗೆ ಹಚ್ಚುತ್ತಿದ್ದ. ಮದಾಮ್ಮ ಸಂಜೆಯೊಳಗೆ ಎಷ್ಟು ಬರೆಯಬಲ್ಲಳೋ ಅಷ್ಟಗಲ ಮಾತ್ರ. ಗಾರೆ ಹಸಿಯಿರುವಾಗಲೇ ಅವಳು ಬಣ್ಣ ಹಾಕಬೇಕು. ದಿನವೂ ತಡ, ದಿನವೂ ಜಗಳ.

‘ಧರಣಯ್ಯ, ಏನು ತಡ?’

‘ಮೆರವಣಿಗೆ ಹೋಗ್ತಾ ಉಂಟು ಅಮ್ಮ.’

‘ಯಾವ ಮೆರವಣಿಗೆ?’

‘ಇರುವೇದು. ಬಾಲದ ಕಡೆಯವು ಇನ್ನೂ ಕಿಟಕಿ ಹತ್ರವೇ ಇದಾವೆ.’

ಸಾಯಿಪ್ಪ ಇದನ್ನು ತನ್ನ ಕ್ಲಬ್ಬಿನಲ್ಲಿ ಹೇಳಿ ನಗುತ್ತಿದ್ದನಂತೆ. ದೊಡ್ಡಪ್ಪ ನಮ್ಮ ಜಗಲಿಯಲ್ಲಿ ಹೇಳಿ ನಗುತ್ತಿದ್ದ.

ಚಿತ್ರ ಮಾತ್ರ ನಗುವಂಥದ್ದಾಗಿರಲಿಲ್ಲ. ದೇವರುಗಳ ಮೇಲೆ ಯುದ್ಧಕ್ಕೆ ಹೋದ ದೈತ್ಯರ ಮೇಲೆ ಕಂಬ, ಕಮಾನು, ಬೆಟ್ಟ ಎಲ್ಲ ಉರುಳಿ ಬೀಳುತ್ತಿವೆ. ಒಬ್ಬನ ಬೆನ್ನು ಮುರಿದಿದೆ, ಒಬ್ಬನ ತಲೆ ಮಾತ್ರ ಕಲ್ಲಿನ ಹೊರಗಿದೆ. ಮೇಲೆ ಒಂದು ಕಟಾಂಜನ. ಅದಕ್ಕೆ ಒರಗಿ ಕೆಲವು ದೇವಕನ್ಯೆಯರು ಕೆಳಗಿನದನ್ನು ನೋಡುತ್ತಿದ್ದಾರೆ. ದೈತ್ಯರಿಗೆ ಮದಾಮ್ಮ ತೋಟದ ಕೂಲಿಗಳನ್ನು ನಿಲ್ಲಿಸಿಕೊಂಡಳು. ಕಾಫಿ ಮೂಟೆ ಹೊರಿಸಿ ನಿಲ್ಲಿಸುವುದು, ಮೂಟೆಯ ಜಾಗದಲ್ಲಿ ಕಂಬ ಬರೆಯುವುದು. ಮುಖದಲ್ಲಿ ಆ ಭಾರ ಬರಲೆಂದು ಮೂಟೆಯನ್ನು ಬೇಗ ಇಳಿಸಲು ಬಿಡುತ್ತಿರಲಿಲ್ಲವಂತೆ. ಕಟಾಂಜನದ ಮೇಲೆ ಗಲ್ಲಕ್ಕೆ ಕೈಕೊಟ್ಟು ಇಣುಕುವ ಕೊನೆಯ ಹುಡುಗಿಗೆ ಒಂದು ಮುಖ ಬೇಕಾಗಿತ್ತು. ದೊಡ್ಡಪ್ಪನಿಗೆ ಬುತ್ತಿ ತಂದಿದ್ದ ಅವನ ಮಗಳು ಸುನಂದೆ ಕಣ್ಣಿಗೆ ಬಿದ್ದಳು.

ಸುನಂದೆಗೂ ನನಗೂ ಆರು ತಿಂಗಳು ಅಂತರ. ಅವಳ ವಿಷಯ ಬರೆಯಲು ಹೋದರೆ ಬುಗುರಿ ನೆನಪಾಗುತ್ತದೆ. ನಾನು ಬೀಸಿದ ಬುಗುರಿ ದಾರದಿಂದ ಕಳಚಿ ಹಾರಿ ಅವಳ ಹುಬ್ಬಿಗೆ ಬಿತ್ತು. ರಕ್ತ ಸೋರುತ್ತಿದ್ದರೂ ಅವಳು, ‘ನಾನೇ ಬಿದ್ದೆ ಅಂತೀನಿ, ಬುಗುರಿ ನಂಗೆ ಕೊಡ್ತೀಯಾ?’ ಎಂದಳು. ಕೊಟ್ಟೆ. ಗಾಯ ಮಾಗಿ ಹುಬ್ಬಿನ ನಡುವೆ ಕೂದಲಿಲ್ಲದ ಒಂದು ಗೀರು ಉಳಿಯಿತು. ಎಡಹುಬ್ಬು. ಅಥವಾ ಬಲ. ಎದುರು ನಿಂತವನಿಗೆ ಎಡ ಯಾವುದು, ಬಲ ಯಾವುದು ಎಂಬುದು ನನ್ನಲ್ಲಿ ಇಂದಿಗೂ ಇತ್ಯರ್ಥವಾಗಿಲ್ಲ.

ದೊಡ್ಡಮ್ಮನಿಗೆ ಈ ಚಿತ್ರದ ಕೆಲಸ ಹಿಡಿಸಿರಲಿಲ್ಲ. ‘ಬಾಡು ಬೇಯೋ ಮನೆ ಅದು. ನೀವು ಹೋಗ್ತೀರಿ, ಬಂದು ಮೀಯ್ತೀರಿ, ಆಯ್ತು. ಮಗೂನ ಯಾಕೆ?’ ಎಂದಳು. ದೊಡ್ಡಪ್ಪ, ‘ನಿಲ್ಲೋದಷ್ಟೇ ಕಣೆ, ಉಣ್ಣೋದಲ್ಲ’ ಎಂದ. ಸುನಂದೆ ನಾಲ್ಕು ದಿನ ನಿಂತು ಬಂದಳು. ಬಣ್ಣ ಹಾಕುವಾಗ ಮದಾಮ್ಮ ಹೇಗೆ ತುಟಿ ಕಚ್ಚಿಕೊಳ್ಳುತ್ತಾಳೆ ಎಂದು ಮಾಡಿ ತೋರಿಸಿದಳು. ದೊಡ್ಡಮ್ಮ ನಗಲಿಲ್ಲ. ನೋಡಲೂ ಹೋಗಲಿಲ್ಲ. ಆ ಮನೆಯ ಹೊಸಿಲು ದಾಟುವುದಿಲ್ಲ ಎಂದಳು, ದಾಟಲಿಲ್ಲ.

ಆ ಮಳೆಗಾಲದ ಕೊನೆಗೆ ಮಲೆಜ್ವರ ಬಂತು. ಪ್ರತಿ ವರ್ಷವೂ ಬರುತ್ತಿತ್ತು, ಆ ವರ್ಷ ತೋಟದ ಕೂಲಿಗಳ ಲೈನುಮನೆಗಳನ್ನು ಗುಡಿಸಿಕೊಂಡು ಹೋಯಿತು. ದೈತ್ಯರಾಗಿ ನಿಂತಿದ್ದವರು ಒಬ್ಬೊಬ್ಬರಾಗಿ ಹೋದರು. ಗುಡ್ಡ ಇಳಿದು ನಮ್ಮ ಬಯಲಿಗೂ ಬಂತು. ಸುನಂದೆ ಒಂಬತ್ತು ದಿನ ನಡುಗಿದಳು. ನಾನಾಗ ಮಾನಂತವಾಡಿಯ ಶಾಲೆಯಲ್ಲಿದ್ದೆ. ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಮದಾಮ್ಮ ಕೂಡ ಜ್ವರದಲ್ಲಿ ಅರ್ಧವಾಗಿ ಹಡಗು ಹತ್ತಿ ಹೋದಳು, ತಿರುಗಿ ಬರಲಿಲ್ಲ.

ಆಗ ನಮ್ಮಂಥವರ ಮನೆಗಳಲ್ಲಿ ಫೋಟೋ ಎಲ್ಲಿಯದು? ಸತ್ತವರ ಮುಖ ಗೋಡೆಯ ಮೇಲೆ ಮಾತ್ರ ಇತ್ತು. ತೋಟದ ಹೆಂಗಸರು ಕೆಲಸ ಮುಗಿಸಿ ಹೋಗುವಾಗ ಊಟದ ಕೋಣೆಯ ಕಿಟಕಿಯ ಹೊರಗೆ ನಿಂತು ಒಳಗೆ ನೋಡತೊಡಗಿದರು. ಕಲ್ಲಿನಡಿ ಬಿದ್ದ ಗಂಡನನ್ನು, ಕಂಬದಡಿ ಸಿಕ್ಕ ಮಗನನ್ನು. ಯಾರೋ ಕಿಟಕಿಯ ಕಟ್ಟೆಯ ಮೇಲೆ ಹೂವಿಟ್ಟರು. ಆಮೇಲೆ ಹಣತೆ. ಒಬ್ಬಳು ಬೀಡಿ ಹಚ್ಚಿ ಇಟ್ಟಳು. ಅವಳ ಗಂಡನಿಗೆ ಬೀಡಿ ಬೇಕಿತ್ತು. ಹೆಂಡತಿಯಿಲ್ಲದ ಸಾಯಿಪ್ಪನಿಗೆ ಊಟಕ್ಕೆ ಕೂತಾಗಲೆಲ್ಲ ಹೊರಗಿನಿಂದ ಈ ಕಣ್ಣುಗಳು. ಅವನೂ ತೋಟ ಬಿಟ್ಟು ಹೋದ. ಅವನ ಜಾಗಕ್ಕೆ ಬಂದ ಸಾಯಿಪ್ಪ ಮೊದಲ ವಾರವೇ, ಗೋಡೆಗೆ ಸುಣ್ಣ ಬಳಿಯಿರಿ ಎಂದ.

ಬಳಿದವನು ದೊಡ್ಡಪ್ಪನೇ. ಈ ಮಾತು ಹೇಳಿದರೆ ಈಗಲೂ ಕೆಲವರು ಛೀ ಎನ್ನುತ್ತಾರೆ. ಆದರೆ ಅವನು ಒಲ್ಲೆ ಎಂದಿದ್ದರೆ ಕರಾವಳಿಯ ಆಳುಗಳು ಬಂದು ಕೆರೆದು ಬಳಿಯುತ್ತಿದ್ದರು. ಅಂದು ಮನೆಗೆ ಬಂದವನು ಮೀಯದೆ, ಉಣ್ಣದೆ, ದೊಡ್ಡಮ್ಮನಿಗೆ ಒಂದೇ ಮಾತು ಹೇಳಿದ. ಅದನ್ನು ನಾನೂ ಕೇಳಿದ್ದೇನೆ. ಇದರಲ್ಲಿ ಮಾತ್ರ ಅನುಮಾನವಿಲ್ಲ, ಏಕೆಂದರೆ ದೊಡ್ಡಮ್ಮ ಆಮೇಲೆ ಅದನ್ನು ನೂರು ಸಲ ಹೇಳಿದ್ದಾಳೆ.

‘ಅವಳ ಮುಖದ ಮೇಲೆ ಮೊದಲು ಅಕ್ಕಿಗಂಜಿ ಸವರಿದೀನಿ. ಗಂಜಿ ಮೇಲೆ ಸುಣ್ಣ ಕಚ್ಚೋದಿಲ್ಲ. ಚೆನ್ನಾಗಿ ಒಣಗಿದ ಮೇಲೆ ಉಗುರಲ್ಲಿ ಎಬ್ಬಿಸಿದರೆ ಸಿಪ್ಪೆ ಹಾಗೆ ಬರ್ತದೆ. ನೀರು ಮುಟ್ಟಿಸಬೇಡಿ.’

ಸುಣ್ಣ ಬಳಿಯುವವನು ತನ್ನ ಬದುಕಿನಲ್ಲಿ ಬೇಕೆಂದೇ ಕೆಟ್ಟದಾಗಿ ಮಾಡಿದ ಒಂದೇ ಕೆಲಸ ಅದು. ನಾಲ್ಕು ವರ್ಷದ ಮೇಲೆ ಅವನೂ ತೀರಿಕೊಂಡ.

ನಾನು ಮದ್ರಾಸಿನಲ್ಲಿ ರಸಾಯನಶಾಸ್ತ್ರ ಓದಿ, ಕೆಲಸ ಸಿಗದೆ, ಮನೆಗೆ ಬಂದು ಎಲ್ಲರಿಗೂ ಬುದ್ಧಿ ಹೇಳುತ್ತಿದ್ದ ಕಾಲ. ಆ ಬೇಸಿಗೆ ಬಂಗಲೆ ಖಾಲಿಯಾಯಿತು. ಒಬ್ಬ ಸಾಯಿಪ್ಪ ಹೋಗಿದ್ದ, ಇನ್ನೊಬ್ಬ ಬಂದಿರಲಿಲ್ಲ. ದೊಡ್ಡಮ್ಮ ನನ್ನೆದುರು ಬಂದು ನಿಂತಳು.

‘ಜಿನ್ನೂ, ಅವಳ ಮುಖ ನಂಗೆ ಜಾರಿಹೋಗ್ತಾ ಉಂಟು. ಕನಸಲ್ಲಿ ಬಂದ್ರೂ ಬೆನ್ನು ಕಾಣ್ತದೆ. ನಡೀ, ತೆಗೆದು ತೋರಿಸು.’

‘ಆ ಮನೆ ಒಳಗೆ ಬರ್ತೀಯಾ ದೊಡ್ಡಮ್ಮ?’

‘ಮುಖ ಕಂಡ್ರೆ ಕೂಗು, ಬರ್ತೀನಿ. ಕಾಣದಿದ್ರೆ ಸುಮ್ನೆ ಯಾಕೆ ಹೊಲೆ ಮಾಡ್ಕೊಳ್ಳಲಿ.’

ಗುಡ್ಡ ಹತ್ತಿದೆವು. ಅವಳು ದಾರಿಗೆಂದು ಅವಲಕ್ಕಿ, ಉಪ್ಪು, ಎರಡು ನಿಂಬೆಹಣ್ಣು ಕಟ್ಟಿಕೊಂಡು, ಒಂದು ಚೊಂಬು ನೀರು ಹಿಡಿದಿದ್ದಳು. ಕಾವಲುಗಾರ ಚಾತ್ತು ಬೀಗ ತೆಗೆದು, ‘ಅವಿಡೆ ಒನ್ನುಂ ಇಲ್ಲ, ಬರೀ ಗೋಡೆ’ ಎಂದು ಅರ್ಧ ಮಲಯಾಳದಲ್ಲಿ ಗೊಣಗಿ ತನ್ನ ಹೊಗೆಸೊಪ್ಪಿಗೆ ಹೋದ. ದೊಡ್ಡಮ್ಮ ಹೊರಗಿನ ಮೆಟ್ಟಿಲ ಮೇಲೆ ಗಂಟಿನೊಂದಿಗೆ ಕೂತಳು. ನಾನು ಒಳಗೆ ಹೋಗಿ ಮೇಜಿನ ಮೇಲೆ ಕುರ್ಚಿಯಿಟ್ಟು ಹತ್ತಿದೆ.

ದೊಡ್ಡಪ್ಪ ಹೇಳಿದ್ದು ನಿಜ. ಬೆರಳಗಲದ ಒಂದು ಸಿಪ್ಪೆ ಉಗುರಿಗೆ ಎದ್ದು ಬಂತು. ಅದರಡಿಯಲ್ಲಿ ಒಂದು ಕಣ್ಣು. ಕಣ್ಣಿನ ಮೇಲೆ ಹುಬ್ಬು. ಎಷ್ಟೋ ವರ್ಷ ಸುಣ್ಣದೊಳಗಿದ್ದೂ ನೀರಿನಲ್ಲಿ ತೊಳೆದ ಹಾಗೆ ಹೊಳೆಯುತ್ತಿತ್ತು. ಆ ಕ್ಷಣವೇ ಕೂಗಬೇಕಿತ್ತು. ಕೂಗಲಿಲ್ಲ. ಪೂರ್ತಿ ಮುಖ ತೆಗೆದು, ಕೆಳಗಿಳಿದು, ಅವಳ ಕೈಹಿಡಿದು ಕರೆತಂದು ತೋರಿಸಬೇಕು ಎಂಬ ಹಮ್ಮು. ಮುಂದಿನ ಸಿಪ್ಪೆ ಏಳಲಿಲ್ಲ. ಅಲ್ಲಿ ಮಳೆಯ ಜೌಗು ಹತ್ತಿ ಗಂಜಿ ಕೊಳೆತು ಸುಣ್ಣ ಕಚ್ಚಿಕೊಂಡಿತ್ತು. ಅರ್ಧ ಗಂಟೆ ಕೆರೆದರೂ ಅಕ್ಕಿಕಾಳಿನಷ್ಟು ಬರಲಿಲ್ಲ. ಆಗ ನನ್ನ ವಿದ್ಯೆ ನೆನಪಾಯಿತು. ಸುಣ್ಣ ಹುಳಿಗೆ ಕರಗುತ್ತದೆ. ಬಣ್ಣಕ್ಕೇನು, ಅದು ಬೇರೆ ವಸ್ತು. ನೀರು ಮುಟ್ಟಿಸಬೇಡಿ ಎಂದಿದ್ದಾನೆ ಸರಿ, ಹುಳಿ ಬೇಡ ಎಂದಿಲ್ಲವಲ್ಲ.

ಹೊರಗೆ ಹೋದೆ. ‘ದೊಡ್ಡಮ್ಮ, ನಿಂಬೆಹಣ್ಣು ಕೊಡು.’

‘ಹಸಿವಾ?’

‘ಇಲ್ಲ, ಬೇಕು.’

ಅವಳು ನನ್ನ ಮುಖ ನೋಡಿದಳು, ಎರಡನ್ನೂ ಕೊಟ್ಟಳು.

ಹೋಳು ಮಾಡಿ ಉಜ್ಜಿದೆ. ಬುರುಗು ಬಂತು. ಮೆತ್ತಗಾಯಿತು. ಬಟ್ಟೆಯಿಂದ ಒರೆಸಿದೆ. ಬಿಳಿ ಹೋಯಿತು, ಅದರ ಹಿಂದೆಯೇ ಕೆನ್ನೆ ಬಂತು, ತುಟಿ ಬಂತು. ಬಂದದ್ದು ನಿಲ್ಲಲಿಲ್ಲ. ಕೆನ್ನೆ ಕೆಮ್ಮಣ್ಣಿನ ನೀರಾಗಿ ಗೋಡೆಯಲ್ಲಿ ಇಳಿಯಿತು, ತುಟಿ ಅದರ ಹಿಂದೆ. ಗಾಬರಿಯಲ್ಲಿ ಒತ್ತಿ ಹಿಡಿದೆ. ಕೈ ತೆಗೆದಾಗ ಆಗಲೇ ಕಂಡಿದ್ದ ಕಣ್ಣೂ ಇರಲಿಲ್ಲ. ಗೋಡೆಯಲ್ಲಿ ಒಂದು ಹಸಿ ಮಚ್ಚೆ. ಹಾಲು ಒಡೆದ ಹಾಗೆ.

ಹೊರಗೆ ಬಂದು ಹೇಳಿದೆ: ‘ಏನೂ ಇರಲಿಲ್ಲ ದೊಡ್ಡಮ್ಮ. ಸುಣ್ಣದ ಜೊತೆಗೇ ಹೋಗಿಬಿಟ್ಟಿದೆ.’

ಅವಳು ಚೊಂಬು ಎತ್ತಿಕೊಂಡಳು.

‘ಕೈ ತೊಳ್ಕೊ’ ಎಂದಳು.

ನೀರು ಹುಯ್ದಳು. ಅಷ್ಟೇ. ಅವಲಕ್ಕಿಯನ್ನು ಉಪ್ಪು ಹಾಕಿ ತಿಂದೆವು.

ನನಗೆ ಆ ಊರಿನಲ್ಲಿ ಇರಲಾಗಲಿಲ್ಲ. ಯುದ್ಧ ಬಂದದ್ದೇ ನೆಪವಾಯಿತು. ಪಟಾಲಮ್ಮಿನ ಸಾಮಾನು ಸರಬರಾಜಿನ ಗುಮಾಸ್ತನಾಗಿ ಸೇರಿದೆ. ಮರಳುಗಾಡು ತೋರಿಸಿ, ಕೊನೆಗೆ ಇಟಲಿಗೆ ತಂದು ಇಳಿಸಿದರು. ವೀರಗಾಥೆ ಏನೂ ಇಲ್ಲ. ಕಂಬಳಿ ಎಣಿಸಿದೆ. ಯುದ್ಧ ಮುಗಿದ ವಾರ, ಒಂದು ಊರಿನಲ್ಲಿ ಒಂದು ದಿನ ರಜೆ ಸಿಕ್ಕಿತು. ಊರ ಹೊರಗೆ ಅರಮನೆಯಿದೆ, ಚಿತ್ರಗಳಿವೆ ಎಂದರು. ಹೋಗಲೋ ಬೇಡವೋ ಎಂದು ಬಹಳ ಯೋಚಿಸಿದೆ ಎಂದು ಬರೆಯಲು ಆಸೆ. ನಿಜವಾಗಿ, ಹೊರಗೆ ಮಳೆ ಬರುತ್ತಿತ್ತು, ಒಳಗೆ ನುಗ್ಗಿದೆ.

ಕಿಟಕಿಗಳಿಗೆ ಹಲಗೆ ಹೊಡೆದಿದ್ದರು. ನೆಲದ ಮೇಲೆ ಒಡೆದ ಗಾಜು, ಯಾವುದೋ ಸೈನ್ಯ ಮಲಗಿದ್ದ ಹುಲ್ಲು, ಒಲೆ ಹಾಕಿದ ಮಸಿ. ಮುದುಕ ಕಾವಲುಗಾರನೊಬ್ಬ ಲಾಟೀನು ಹಿಡಿದು ಬಂದ. ಹಿಂದೆ ಹೋಟೆಲಿನಲ್ಲಿದ್ದನಂತೆ, ಅರೆಬರೆ ಇಂಗ್ಲಿಷು ಆಡುತ್ತಿದ್ದ. ಒಂದು ಕೋಣೆಗೆ ಕರೆದೊಯ್ದು ಲಾಟೀನು ಎತ್ತಿದ. ನಾಲ್ಕೂ ಗೋಡೆಯಿಂದ ದೈತ್ಯರು ನನ್ನ ಮೇಲೆ ಉರುಳಿದರು. ಅದೇ ಕಂಬ, ಅದೇ ಕಮಾನು, ಅದೇ ಮುರಿದ ಬೆನ್ನು. ನನಗೆ ಕಂಡದ್ದು ಮಾತ್ರ ನಮ್ಮ ತೋಟದವರು. ಕಂಬವನ್ನು ಹೊತ್ತವನನ್ನು ನೋಡಿ, ಮೂಟೆ ಇಳಿಸಯ್ಯಾ ಎಂದು ಬಾಯಿಗೆ ಬಂತು.

ಆದರೆ ಕಟಾಂಜನ ಇರಲಿಲ್ಲ. ಮೂಲೆಮೂಲೆ ಹುಡುಕಿದೆ. ಹುಡುಗಿಯರೇ ಇಲ್ಲ. ಹಾಗಾದರೆ ನಮ್ಮ ಗೋಡೆಯಲ್ಲಿ ಇದ್ದಳೇ, ನಾನು ಅಳಿಸಿದ್ದು ಯಾರನ್ನು ಎಂದುಕೊಂಡೆ. ಮುದುಕ ಪಕ್ಕದ ಇನ್ನೊಂದು ಕೋಣೆಗೆ ಕರೆದು ಚಾವಣಿ ತೋರಿಸಿದ. ಅಲ್ಲಿದ್ದರು. ಕೊನೆಯವಳು ಗಲ್ಲಕ್ಕೆ ಕೈಕೊಟ್ಟು ಇಣುಕುತ್ತಿದ್ದಳು. ಮದಾಮ್ಮ ಎರಡು ಕೋಣೆಗಳನ್ನು ನೆನಪಿನಲ್ಲಿ ಒಂದು ಮಾಡಿಕೊಂಡಿದ್ದಳು. ನೆನಪಿನ ವಿಷಯದಲ್ಲಿ ಸಾಯಿಪ್ಪರೂ ನಮ್ಮ ಹಾಗೇ.

ಒಂದು ಗೋಡೆಯ ಅರ್ಧಕ್ಕೆ ಸುಣ್ಣ ಬಳಿದಿತ್ತು. ಹಿಂದೆ ಯಾವಾಗಲೋ ಕುದುರೆ ಕಟ್ಟುತ್ತಿದ್ದಾಗ ಬಳಿದದ್ದಂತೆ. ಒಂದು ಕಡೆ ಸುಣ್ಣ ತೆಗೆದು ಒಂದು ಕೈಯನ್ನು ಹೊರಗೆ ತಂದಿದ್ದರು. ‘ಹೇಗೆ ತೆಗೆಯುತ್ತೀರಿ?’ ಎಂದು ಕೇಳಿದೆ. ಮುದುಕ ಜೇಬಿನಿಂದ ಸಣ್ಣ ಚಾಕು ತೆಗೆದು ಅದರ ಹಿಡಿಯಿಂದ ಗೋಡೆಗೆ ಮೆಲ್ಲಗೆ ತಟ್ಟಿ ತೋರಿಸಿದ. ದಿನಕ್ಕೆ ಒಂದು ಅಂಗೈಯಗಲ.

‘ಹುಳಿ ಹಾಕಿದರೆ?’ ಎಂದೆ.

ಅವನು ಲಾಟೀನನ್ನು ನನ್ನ ಮುಖದ ಹತ್ತಿರ ತಂದು ನೋಡಿದ. ‘ಇಲ್ಲಿ ಬಣ್ಣ ಅಂತ ಬೇರೆ ಇಲ್ಲ, ಸಿಪಾಯಿ. ಎಲ್ಲ ಸುಣ್ಣವೇ. ಬಣ್ಣ ಸುಣ್ಣದೊಳಗೆ ಹೋಗಿ ಕಲ್ಲಾಗಿದೆ. ಸುಣ್ಣ ತಿನ್ನುವುದು ಇದನ್ನೂ ತಿನ್ನುತ್ತದೆ.’

ಇದನ್ನು ಕೇಳಲು ಏಳು ಸಮುದ್ರ ದಾಟಬೇಕಿರಲಿಲ್ಲ. ಒಂದು ಗದ್ದೆ ದಾಟಿ ದೊಡ್ಡಪ್ಪನ ಸುಣ್ಣದ ಗುಂಡಿಯ ಹತ್ತಿರ ಒಂದು ದಿನ ಕೂತಿದ್ದರೆ ಸಾಕಿತ್ತು. ಮುದುಕನಿಗೆ ಒಂದು ಪ್ಯಾಕು ಸಿಗರೇಟು ಕೊಟ್ಟು, ಅವನ ಹತ್ತಿರವಿದ್ದ ಚಿತ್ರದ ಕಾರ್ಡುಗಳಲ್ಲಿ ಆ ಇಣುಕುವ ಹುಡುಗಿಯ ಕಾರ್ಡು ತೆಗೆದುಕೊಂಡೆ.

ಊರಿಗೆ ಬಂದ ಮೇಲೆ ಹಲವು ದಿನ ಅದು ಪೆಟ್ಟಿಗೆಯಲ್ಲೇ ಇತ್ತು. ಒಂದು ಸಂಜೆ ದೊಡ್ಡಮ್ಮ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಎಲ್ಲವನ್ನೂ ಹೇಳಿಬಿಡಬೇಕೆಂದು ಕಾರ್ಡನ್ನು ಅವಳ ಮೊರದ ಅಂಚಿಗಿಟ್ಟೆ. ‘ಮದಾಮ್ಮ ನೋಡಿ ಬರೆದದ್ದು ಇದನ್ನು, ದೊಡ್ಡಮ್ಮ. ಸುನಂದೆ ಹೀಗೇ ನಿಂತಿದ್ದಳು’ ಎಂದು ಶುರು ಮಾಡಿದೆ.

ಅವಳು ಕಾರ್ಡನ್ನು ದೂರ ಹಿಡಿದಳು, ಹತ್ತಿರ ಹಿಡಿದಳು, ಬೆಳಕಿಗೆ ತಿರುಗಿಸಿದಳು.

‘ಇವಳ್ಯಾರೋ ಉಂಡು ಬೆಳೆದೋಳು. ನಮ್ಮೋಳು ಹೀಗೆ ತುಂಬಿಕೊಂಡಿರಲಿಲ್ಲ.’ ಮತ್ತೆ ಅಕ್ಕಿಗೆ ಕೈಹಾಕಿದಳು. ಎರಡು ಕಲ್ಲು ಆರಿಸಿ ಎಸೆದಳು. ಆಮೇಲೆ ತಲೆಯೆತ್ತದೆ ಕೇಳಿದಳು: ‘ಆವತ್ತು ನೀ ನೋಡ್ದೆಯಲ್ಲ, ಗೋಡೆ ಮೇಲೆ. ಹುಬ್ಬಿನ ಗೀರು ಇತ್ತಾ? ಮದಾಮ್ಮ ಬರೆದಿದ್ದಳಾ?’

‘ನಾನು... ಏನೂ ಇರಲಿಲ್ಲ ಅಂದಿದ್ದೆನಲ್ಲ.’

‘ಅಂದಿದ್ದೆ. ನೀರು ಹುಯ್ದೋಳು ನಾನಲ್ಲವಾ. ನಿನ್ನ ಬೆರಳಿಂದ ಕೆಂಪು ಇಳೀತು. ಬರೀ ಸುಣ್ಣ ಕೆರೆದ್ರೆ ಕೆಂಪು ಎಲ್ಲಿಂದ ಬರ್ತದೆ?’ ಮೊರವನ್ನು ಒಮ್ಮೆ ಕುಟ್ಟಿದಳು. ‘ಅದು ಹೋಗ್ಲಿ. ಗೀರು ಇತ್ತಾ, ಅದು ಹೇಳು.’

ಆ ಮುಖವನ್ನು ಕಡೆಯದಾಗಿ ಕಂಡವನು ನಾನು. ಅಂಗೈಯಗಲದ ದೂರದಲ್ಲಿ, ಹಗಲು ಬೆಳಕಿನಲ್ಲಿ, ಒಂದು ಕಣ್ಣು, ಒಂದು ಹುಬ್ಬು. ಕಣ್ಣು ಮುಚ್ಚಿ ಹುಡುಕಿದೆ. ಬುಗುರಿಯ ದಿನದ ರಕ್ತ ಕಾಣಿಸಿತು, ಕಾರ್ಡಿನ ಹುಡುಗಿಯ ಹುಬ್ಬು ಕಾಣಿಸಿತು, ಬುರುಗು ಕಾಣಿಸಿತು. ಗೋಡೆಯ ಮೇಲಿನ ಹುಬ್ಬು ಕಾಣಿಸಲಿಲ್ಲ.

‘ಇತ್ತು’ ಎಂದೆ.

‘ಯಾವ ಹುಬ್ಬಿಗೆ?’

‘ಎಡದ್ದಕ್ಕೆ.’

ಅವಳು ನನ್ನನ್ನೇ ನೋಡಿದಳು. ಸರಿ ಹೇಳಿದೆನೋ, ತಪ್ಪು ಹೇಳಿದೆನೋ, ಆ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಕಾರ್ಡನ್ನು ನನ್ನ ಕಡೆಗೆ ತಳ್ಳಿ, ಅಕ್ಕಿಯನ್ನು ಪಾತ್ರೆಗೆ ಸುರಿದು, ಮಂಡಿ ಹಿಡಿದುಕೊಂಡು ಎದ್ದಳು.

‘ಏಳು’ ಎಂದಳು. ‘ಹೊತ್ತು ಮುಳುಗ್ತಾ ಉಂಟು. ಉಣ್ಣು ಬಾ.’